ಮೂರು ಬೆರಳು ಕೊಸರು

ರಸ್ತೆ ಬದಿಗೆ ಯಾರೋ ಬಿಸಾಡಿದ್ದ ಬಾಗಿಲೊಂದನ್ನು ಚೌಕಟ್ಟಿನ ಸಮೇತ ಜವಳಿಯವರು ತಲೆಯ ಮೇಲೆ ಹೊತ್ತು ತಂದ ಸಂಜೆ, ಅವರ ಸ್ವಂತ ಮನೆಯ ಬಾಗಿಲು ಅವರಿಗೆ ತೆರೆಯಲಿಲ್ಲ.

ಕರೆಗಂಟೆ ಒತ್ತಲು ಕೈ ಬಿಡುವಿರಲಿಲ್ಲ, ಮೊಣಕೈಯಿಂದ ಒತ್ತಿದರು. ಹೆಂಡತಿ ಕಿಟಕಿಯಿಂದ ಇಣುಕಿ, ಯಾರು ಎಂದು ಕೇಳಲಿಲ್ಲ, ಏನು ಎಂದು ಕೇಳಿದಳು. ಬಾಗಿಲು ಎಂದರು ಇವರು. ನಮ್ಮಲ್ಲಿ ಒಂದಿದೆ, ಬೇಡ, ಮುಂದಿನ ಮನೆ ನೋಡಿ ಎಂದು ಉತ್ತರ ಬಂತು. ಸೊಪ್ಪು ಮಾರುವವನಂತೆ ತಮ್ಮದೇ ಮನೆಯ ಮೆಟ್ಟಿಲಿಳಿದ ಜವಳಿಯವರು ಓಣಿ ಸುತ್ತಿಕೊಂಡು ಹಿತ್ತಿಲ ಕಡೆಯಿಂದ ಒಳಸೇರಿದರು. ಸೋತು ಅಲ್ಲ, ಆ ಬಾಗಿಲು ಹೇಗಿದ್ದರೂ ಹಿತ್ತಿಲಿಗೇ ಹೋಗಬೇಕಾಗಿತ್ತು ಎಂದು ಆಮೇಲೆ ಅವರೇ ಸ್ಪಷ್ಟಪಡಿಸಿದರು.

(ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ಮನುಷ್ಯನನ್ನು ಬೀದಿಯವರು ಜವಳಿಯವರು ಎಂದಲ್ಲದೆ ಬೇರೇನೂ ಕರೆಯುವುದಿಲ್ಲ. ಹೆಂಡತಿ ಮಾತ್ರ 'ರೀ' ಎನ್ನುತ್ತಾಳೆ. ಆ ಒಂದಕ್ಷರವನ್ನು ಎಷ್ಟು ಮೀಟರ್ ಎಳೆದಳು ಎಂಬುದರ ಮೇಲೆ ಅಂದಿನ ಹವಾಮಾನ ಗೊತ್ತಾಗುತ್ತದೆ.)

ಹಿತ್ತಿಲಲ್ಲಿ ಆಗಲೇ ಒಂದು ಸಂಸ್ಥಾನವೇ ನೆಲೆಗೊಂಡಿತ್ತು. ಸರಕು ಬಂದ ಪೆಟ್ಟಿಗೆಗಳ ಹಲಗೆ, ಯಾವುದೋ ಶಾಲೆ ಹೊರಹಾಕಿದ ಬೆಂಚಿನ ಅರ್ಧ (ಉಳಿದರ್ಧ ಇನ್ನೂ ಪತ್ತೆಯಾಗಿರಲಿಲ್ಲ), ಒಂಟಿ ಕಿಟಕಿಯ ರೆಕ್ಕೆ, ಯಾರ್ಯಾರದೋ ಮುತ್ತಾತಂದಿರನ್ನು ಹೊರಕ್ಕೆ ಕಳಿಸಿದ ಫೋಟೋ ಚೌಕಟ್ಟುಗಳು, ಮಂಚದ ಕಾಲು ಏಳು. ಒಣಹಾಕಿದ ಬಟ್ಟೆ ತೆಗೆಯಬೇಕಾದರೆ ಹೆಂಡತಿ ಮೊದಲು ಬೆಂಚು ಹತ್ತಿ, ಕಿಟಕಿ ದಾಟಿ, ಏಳು ಕಾಲುಗಳ ನಡುವೆ ತನ್ನ ಎರಡು ಕಾಲುಗಳಿಗೆ ಜಾಗ ಹುಡುಕಬೇಕಾಗಿತ್ತು. ಈ ಎಲ್ಲ ಕಟ್ಟಿಗೆಗೆ ಒಂದಲ್ಲ ಒಂದು ದಿನ ಮೋಕ್ಷ ಕೊಡಿಸುವೆ ಎಂಬುದು ಜವಳಿಯವರ ಪಣ. ಅದಕ್ಕೆ ಅವರಿಟ್ಟ ಹೆಸರು ಕಾಷ್ಠೋದ್ಧಾರ. ಹೆಂಡತಿ ಇಟ್ಟ ಹೆಸರು ಬರೆಯುವಂಥದ್ದಲ್ಲ.

ಇಷ್ಟಕ್ಕೆಲ್ಲ ಮೂಲ ಕಾರಣ ಭಾಮೈದ. ಹೆಂಡತಿಯ ಒಡಹುಟ್ಟಿದ ತಮ್ಮನಾದ ಈತನದು ಮೇಜು ಕುರ್ಚಿಗಳ ದೊಡ್ಡ ಮಳಿಗೆ. ಅಲ್ಲಿಂದ, ಮನೆಯವರಿಗೆಂದೇ ವಿಶೇಷ ಬೆಲೆಗೆ (ಹೊರಗಿನವರಿಗೆ ಅದಕ್ಕಿಂತ ಕಡಿಮೆ), ಒಂದು ಊಟದ ಮೇಜು ಬಂದಿತ್ತು. ಅದು ಮರವಲ್ಲ, ರಟ್ಟಿಗೆ ಅಂಟಿಸಿದ ಮರದ ಫೋಟೋ ಎಂದು ಜವಳಿಯವರು ಮೊದಲ ದಿನವೇ ಬೆರಳಲ್ಲಿ ಉಜ್ಜಿ ಹೇಳಿದ್ದರು. ಒದ್ದೆ ಲೋಟ ಇಟ್ಟಲ್ಲಿ ಬೊಬ್ಬೆ ಎದ್ದಿತು. ಅಂಚು ಈರುಳ್ಳಿಯಂತೆ ಸಿಪ್ಪೆ ಬಿಟ್ಟಿತು. ಕೊನೆಗೊಂದು ಮಧ್ಯಾಹ್ನ ಬೆಕ್ಕು ಹಾರಿ ಕೂತಿದ್ದೇ ನೆಪವಾಗಿ ನೆಲಕಚ್ಚಿತು. ಬಲ್ಬು ಬದಲಿಸಲು ಇವರೂ ಆಗ ಬೆಕ್ಕಿನ ಪಕ್ಕದಲ್ಲಿ ನಿಂತಿದ್ದರು ಎಂಬುದು ಹೆಂಡತಿಯ ಸಾಕ್ಷ್ಯ. ಅಂದಿನಿಂದ ನಾಲ್ಕು ತಿಂಗಳು ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದರು.

ತಮ್ಮನಿಗೆ ಹೇಳಿ ಇನ್ನೊಂದು ತರಿಸೋಣ ಎಂದಳು ಹೆಂಡತಿ. ಅವನ ಮಳಿಗೆಯಿಂದ ಈ ಮನೆಗೆ ಇನ್ನು ಹಲ್ಲುಕಡ್ಡಿಯೂ ಬರಕೂಡದು ಎಂದರು ಜವಳಿಯವರು. ಆ ಬಾಗಿಲು ಬಂದ ರಾತ್ರಿ ತಟ್ಟೆಗಳು ತೊಡೆಯ ಮೇಲಿದ್ದಾಗಲೇ ಈ ವಿಷಯ ಇತ್ಯರ್ಥಕ್ಕೆ ಬಂತು.

"ತೊಲೆಯಂಥ ಬಾಗಿಲು. ಇದೇ ಮೇಜಿನ ಹಲಗೆ, ಇದರ ಚೌಕಟ್ಟೇ ನಾಲ್ಕು ಕಾಲು. ನಾನೇ ಮಾಡ್ತೀನಿ," ಎಂದರು.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರು ನಾಲ್ಕು ಕಾಲಿನ ಮೇಜು ಮಾಡ್ತಾರಂತೆ," ಎಂದಳು ಹೆಂಡತಿ, ಅತ್ತೆಯ ಕಡೆ ತಿರುಗಿ.

ಅತ್ತೆ, ಅಂದರೆ ಜವಳಿಯವರ ತಾಯಿ, ಈ ಮನೆಯ ಸರ್ವೋಚ್ಚ ನ್ಯಾಯಾಲಯ. ಸಾಮಾನ್ಯವಾಗಿ ಮೌನ, ತೀರ್ಪು ಕೊಟ್ಟರೆ ಮೇಲ್ಮನವಿ ಇಲ್ಲ. ಈಗ ಉಪ್ಪಿನಕಾಯಿ ಬಡಿಸಿಕೊಂಡರು.

ಷರತ್ತು ಹಾಕಿದ್ದು ಹೆಂಡತಿ. ಮುಂದಿನ ಭಾನುವಾರ ತಮ್ಮ ಊಟಕ್ಕೆ ಬರುತ್ತಾನೆ. ಅಂದು ನಾಲ್ಕು ಜನ ಈ ಬಾಗಿಲಿನ ಮೇಲೆ ಉಣ್ಣಬೇಕು. ನೆಲಕ್ಕೆ ಒಂದು ಹನಿ ಬೀಳಕೂಡದು. ನೆಲದ ವಿಷಯದಲ್ಲಿ ಅವಳು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಅಡುಗೆಮನೆಯಲ್ಲಿ ತೊಳೆದಿಟ್ಟ ಪಾತ್ರೆಗಳಿಂದ ದಿನವಿಡೀ ನೀರು ಸೋರಿ, ಅದನ್ನು ಒರೆಸುವುದರಲ್ಲೇ ಅವಳ ಆಯುಷ್ಯ ಸವೆಯುತ್ತಿತ್ತು. ಹನಿ ಬೀಳದಿದ್ದರೆ ಹಿತ್ತಿಲ ಸಂಸ್ಥಾನ ಅಲ್ಲೇ ಇರಲಿ, ಅವಳು ಜನ್ಮದಲ್ಲಿ ಸೊಲ್ಲೆತ್ತುವುದಿಲ್ಲ. ಬಿದ್ದರೆ ಸೋಮವಾರ ಅಷ್ಟೂ ಕಟ್ಟಿಗೆ ಗುಜರಿಯವನಿಗೆ. ಅಷ್ಟೇ ಆಗಿದ್ದರೆ ಜವಳಿಯವರು ನಕ್ಕುಬಿಡುತ್ತಿದ್ದರು. ಅವಳು ಬಾಯಿ ಒರೆಸಿಕೊಂಡು ಕೊನೆಯದನ್ನು ಹೇಳಿದಳು.

"ಆಮೇಲೆ ನೀವೇ ನನ್ನ ತಮ್ಮನ ಅಂಗಡಿಗೆ ಹೋಗ್ಬೇಕು. ಅವನು ಹೇಳಿದ ಬೆಲೆ ಕೊಟ್ಟು ಮೇಜು ತರ್ಬೇಕು. ಚೌಕಾಸಿ ಮಾಡೋ ಹಾಗಿಲ್ಲ."

ಜವಳಿಯವರು ಎತ್ತಿದ ತುತ್ತನ್ನು ಮರಳಿ ತಟ್ಟೆಗೆ ಹಾಕಿದರು. ಅವರು ಔಷಧಿ ಅಂಗಡಿಯಲ್ಲೂ ಚೌಕಾಸಿ ಮಾಡಿದವರು. ತಮ್ಮ ಮದುವೆಯ ದಿನ ಫೋಟೋದವನೊಂದಿಗೆ ಚೌಕಾಸಿ ಮಾಡುತ್ತ ಅರ್ಧ ಫೋಟೋಗಳಲ್ಲಿ ಇಲ್ಲವೇ ಇಲ್ಲದವರು. ಹೇಳಿದ ಬೆಲೆಗೆ ತಲೆಯಾಡಿಸಿ ಬರುವುದೆಂದರೆ ವ್ಯಾಪಾರಿಗೆ ಅದು ಖರೀದಿಯಲ್ಲ, ಜೀವಂತ ಸಮಾಧಿ. ಆದರೂ ನೀರು ಕುಡಿದು, ಒಪ್ಪಿದೆ ಎಂದರು.

ಆ ವಾರ ಜವಳಿಯವರು ಅಂಗಡಿಯನ್ನು ಬೇಗ ಮುಚ್ಚಿದರು. ಗರಗಸ, ಉಳಿ, ಸುತ್ತಿಗೆ ತಂದರು. ಬಾಗಿಲ ಮೇಲಿದ್ದ ಮೂರು ತಲೆಮಾರಿನ ಬಣ್ಣವನ್ನು ಕೆರೆದರು: ಮೇಲೆ ಹಸಿರು, ಅದರಡಿ ನೀಲಿ, ಅದರಡಿ ಇನ್ನೂ ಹಳೆಯ ಹಸಿರು. ಉಪ್ಪುಕಾಗದ ಹಿಡಿದು ಉಜ್ಜಿದ್ದು ಎಷ್ಟೆಂದರೆ ಮರದ ಜೊತೆ ಬೆರಳ ತುದಿಯ ಗೆರೆಗಳೂ ನಯವಾದವು. ಬಣ್ಣದ ಕೆಳಗಿನಿಂದ ಜೇನಿನ ಬಣ್ಣದ ಮರ, ಒಳ್ಳೆಯ ನೇಯ್ಗೆಯಂಥ ಎಳೆ ಎಳೆಯೊಂದಿಗೆ, ಹೊರಬಂತು. ಚಿಲಕದ ತೂತಿಗೆ ಬೆಂಚಿನ ಚೂರೊಂದನ್ನು ಕೆತ್ತಿ ಕೂರಿಸಿದ್ದು ಎಂಥ ನಾಜೂಕಿನ ಕೆಲಸವೆಂದರೆ, ತೂತು ಎಲ್ಲಿತ್ತೆಂದು ಅವರಿಗೇ ಆಮೇಲೆ ಹುಡುಕಬೇಕಾಯಿತು. ಹೆಂಡತಿ ಕೂಡ ಬಟ್ಟೆ ಒಣಹಾಕಲು ಬಂದವಳು ಒಂದು ಗಳಿಗೆ ನಿಂತು, ಯಾರೂ ನೋಡುತ್ತಿಲ್ಲವೆಂದು ಕೈಯಾಡಿಸಿ ಹೋದಳು. (ಜವಳಿಯವರು ನೋಡಿದ್ದರು. ಗಿರಾಕಿ ಬಟ್ಟೆ ಮುಟ್ಟಿದರೆ ಅರ್ಧ ವ್ಯಾಪಾರ ಆದಂತೆ.)

ಅಂಚಿಗೆ ಮುತ್ತಾತಂದಿರ ಫೋಟೋ ಚೌಕಟ್ಟುಗಳನ್ನೇ ಕೊಯ್ದು ಪಟ್ಟಿ ಹೊಡೆದರು. ಬೆರಳಷ್ಟೆತ್ತರದ ಕೆತ್ತನೆಯ ಅಂಚು ಸುತ್ತಲೂ ಬಂತು. ಒಂದು ಮೂಲೆಗೆ ಮಾತ್ರ ಗೇಣುದ್ದ ಕಡಿಮೆ ಬಿತ್ತು. ಇರಲಿ, ದೃಷ್ಟಿಯಾಗದಿರಲು ಒಂದು ಕೊರೆ ಬೇಕು ಎಂದು ಬಿಟ್ಟರು.

ಇನ್ನು ಕಾಲು. ಇಲ್ಲಿ ಅವರ ಅಂಗಡಿಯ ಪದ್ಧತಿಯೊಂದನ್ನು ಹೇಳಬೇಕು. ಜವಳಿಯವರು ಬಟ್ಟೆಯನ್ನು ಅಳತೆಗೆ ಸರಿಯಾಗಿ ಎಂದೂ ಕತ್ತರಿಸಿದವರಲ್ಲ. ಹಿತ್ತಾಳೆ ಕೋಲಿನಲ್ಲಿ ಅಳೆದ ಮೇಲೆ, ಗಿರಾಕಿ ನೋಡುತ್ತಿರುವಂತೆಯೇ, ಒಂದು ಬೆರಳಗಲ ಮುಂದಕ್ಕೆ ಸರಿಸಿ ಕತ್ತರಿ ಇಡುತ್ತಾರೆ. ಅದು ಕೊಸರು. ಅವರ ತಂದೆ ಕೊಟ್ಟದ್ದು, ತಾತ ಕೊಟ್ಟದ್ದು. ಒಂದೇ ಅಳತೆಯ ನಾಲ್ಕು ತುಂಡು ಬೇಕಾದರೆ ಮೊದಲನೆಯದನ್ನು ಮಾತ್ರ ಕೋಲಿನಲ್ಲಿ ಅಳೆದು, ಮಿಕ್ಕವನ್ನು ಒಂದರ ಮೇಲೊಂದಿಟ್ಟು ಕತ್ತರಿಸುವುದು ರೂಢಿ. ಕೈಗೆ ಅದು ಎಷ್ಟು ಒಗ್ಗಿತ್ತೆಂದರೆ ಮನಸ್ಸಿನ ಅಪ್ಪಣೆಯೇ ಬೇಕಿರಲಿಲ್ಲ.

ಮೊದಲ ಕಾಲನ್ನು ಅವರು ಕೋಲಿನಲ್ಲಿ ಅಳೆದು ಕೊಯ್ದರು. ಅದನ್ನು ಎರಡನೆಯದರ ಮೇಲಿಟ್ಟು, ಒಂದು ಬೆರಳು ಬಿಟ್ಟು ಕೊಯ್ದರು. ಎರಡನೆಯದನ್ನು ಮೂರನೆಯದರ ಮೇಲಿಟ್ಟು, ಒಂದು ಬೆರಳು ಬಿಟ್ಟು ಕೊಯ್ದರು. ಮೂರನೆಯದನ್ನು ನಾಲ್ಕನೆಯದರ ಮೇಲೆ ಇಟ್ಟಾಗ, ಉದಾರವಾಗಿ, ಅದಕ್ಕೂ ಒಂದು ಬೆರಳು.

ಶನಿವಾರ ಸಂಜೆ ಮೇಜು ನಡುಮನೆಯಲ್ಲಿ ನಿಂತಿತು. ಹೆಂಡತಿ ಪೇಟೆಗೆ ಹೋಗಿದ್ದಳು. ತಾಯಿ ಬಂದು ನೋಡಿ, ಕೈಯಲ್ಲಿದ್ದ ಕಿತ್ತಳೆ ಹಣ್ಣನ್ನು ಮೇಜಿನ ನಡುವೆ ಇಟ್ಟರು. ಹಣ್ಣು ಸ್ವಲ್ಪ ಯೋಚಿಸಿ, ಒಂದು ಮೂಲೆಯ ಕಡೆ ಹೊರಟು, ಅಂಚಿನ ಪಟ್ಟಿ ಇಲ್ಲದ ಆ ಕೊರೆಯಲ್ಲೇ ಹೊರಬಿದ್ದು ಬಾಗಿಲವರೆಗೆ ಹೋಯಿತು.

ನೆಲ ಸರಿಯಿಲ್ಲ ಎಂದರು ಜವಳಿಯವರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ತಾಯಿ. "ಮೇಜು ತಿರುಗಿಸಿ ನೋಡೋ."

ತಿರುಗಿಸಿದರು. ಹಣ್ಣೂ ತಿರುಗಿತು, ಹೊರಬಿದ್ದದ್ದು ಅದೇ ಕೊರೆಯಿಂದ. ಆಗ ಕೋಲು ತಂದು ಅಳೆದರು. ಗಿಡ್ಡ ಕಾಲಿಗೂ ಉದ್ದ ಕಾಲಿಗೂ ಮೂರು ಬೆರಳು ಅಂತರ. ಇದರಲ್ಲಿ ಒಂದೇ ಚೋದ್ಯವೆಂದರೆ, ಗಿಡ್ಡದ್ದೂ ಉದ್ದದ್ದೂ ಎದುರುಬದುರು ಮೂಲೆಗೆ ಬಿದ್ದಿದ್ದರಿಂದ ಮೇಜು ಕೂದಲೆಳೆಯಷ್ಟೂ ಅಲುಗಾಡುತ್ತಿರಲಿಲ್ಲ. ನಾಲ್ಕೂ ಕಾಲೂರಿ, ಬಂಡೆಯಂತೆ, ಸೊಟ್ಟಗೆ ನಿಂತಿತ್ತು. ಥೇಟ್ ಅದನ್ನು ಮಾಡಿದವರ ಹಾಗೆ ಎಂದು ನೀವು ಅಂದರೆ ನಾನು ಬೇಡವೆನ್ನುವುದಿಲ್ಲ.

ಕೊಯ್ದು ಸರಿಮಾಡು ಎಂದರು ತಾಯಿ. ಜವಳಿಯವರು ಎದೆ ಸೆಟೆಸಿದರು. "ಅಮ್ಮಾ, ಕೊಟ್ಟ ಕೊಸರನ್ನ ವಾಪಸ್ ಕಿತ್ಕೊಳ್ಳೋ ಪೈಕಿ ಅಲ್ಲ ನಾವು. ಅಪ್ಪ ಇದ್ದಿದ್ರೆ ಒಪ್ತಿದ್ರಾ?"

"ನಿಮ್ಮಪ್ಪ ಇದ್ದಿದ್ರೆ ಬಡಗೀನ ಕರೀತಿದ್ರು," ಎಂದು ತಾಯಿ ಹಣ್ಣನ್ನು ಹೆಕ್ಕಿಕೊಂಡು ಒಳಗೆ ಹೋದರು.

ಆದರೆ ಬಟ್ಟೆ ವ್ಯಾಪಾರಿಗೆ ಬಟ್ಟೆಯೇ ದಿಕ್ಕು. ಅಂಗಡಿಗೆ ಓಡಿ, ಯಾರೂ ಕೊಳ್ಳದೆ ಉಳಿದಿದ್ದ ಅಸ್ತರಿನ ತುಂಡುಗಳನ್ನು ತಂದರು. ಕೋಟಿನ ಒಳಗೆ ಹಾಕುವ, ಮಿರಮಿರನೆ ಮಿಂಚುವ ಬಟ್ಟೆ. ಅದನ್ನು ಮಡಿಚಿ ಮಡಿಚಿ ಒಂದು ಕಾಲಿನಡಿ ಮೂರು ಬೆರಳು, ಒಂದರಡಿ ಎರಡು, ಒಂದರಡಿ ಒಂದು ಎಂದು ತುರುಕಿದರು. ಮೇಲೆ ಹೊಸದಾಗಿ ಬಂದಿದ್ದ, ನೀರು ಹೀರದ, ಮೇಣದ ನುಣುಪಿನ ಹಾಸುಬಟ್ಟೆಯನ್ನು ನೆಲ ಮುಟ್ಟುವಷ್ಟು ಇಳಿಬಿಟ್ಟರು. ಹೆಂಡತಿ ಬಂದಳು, ತುಂಬಿದ ಲೋಟವೊಂದನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಿದಳು, ನೀರು ಗೆರೆ ಎಳೆದಂತೆ ನಿಂತಿತ್ತು. ಲೋಟ ಎತ್ತಿಕೊಂಡು ಹೋದಳು. ಆ ರಾತ್ರಿ ಜವಳಿಯವರು ನಿದ್ದೆಯಲ್ಲಿ ಭಾಮೈದನ ಅಂಗಡಿಯಲ್ಲಿ ಚೌಕಾಸಿ ಮಾಡಿ, ಗೆದ್ದು, ಏನೂ ಕೊಳ್ಳದೆ ಬಂದರು.

ಭಾನುವಾರ ಮಧ್ಯಾಹ್ನ ಭಾಮೈದ ಕೆನೆಬಣ್ಣದ ಪ್ಯಾಂಟು ತೊಟ್ಟು ಬಂದ. ಅತಿಥಿಗೆಂದು ಹೆಂಡತಿ ತೋರಿಸಿದ ಕುರ್ಚಿ ಗಿಡ್ಡ ಕಾಲಿನ ಮೂಲೆಯದು. ಬೇರೆ ಕಡೆ ಕೂರಿಸೋಣವೆಂದು ಜವಳಿಯವರು ಗಾಳಿ, ಬೆಳಕು ಎಂದೇನೇನೋ ಹೇಳಿದರು, ಅವನು ಕೂತಾಗಿತ್ತು. ನಡುವೆ ಸೂಪಿನ ದೊಡ್ಡ ಪಾತ್ರೆ ಬಂತು. ಬಡಿಸುವ ಮುಂಚೆ ಎರಡು ಮಾತು ಎಂದು ಜವಳಿಯವರು ಎದ್ದು ನಿಂತರು. ಎರಡು ಮಾತು ಕಾಲು ಗಂಟೆಯಾಯಿತು. ಮರವೆಂದರೇನು, ಮರದ ಫೋಟೋ ಎಂದರೇನು, ಜನ ಬಿಸಾಡಿದ್ದರಲ್ಲಿ ಏನೇನಿದೆ, ಕೆಲವು ಅಂಗಡಿಗಳು ಮಾರುವುದರಲ್ಲಿ ಏನೇನಿಲ್ಲ. ಭಾಮೈದ ನಸುನಗುತ್ತ ಕೇಳಿದ. ಸೂಪು ತಣ್ಣಗಾಯಿತು. (ಅದು ಅವನ ಪುಣ್ಯ ಎಂಬುದು ಆಮೇಲೆ ತಿಳಿಯಿತು.)

ಒಂದೊಂದು ಕಸುಬಿನವನಿಗೆ ಒಂದೊಂದು ಚಾಳಿ. ಬಟ್ಟೆಯವನು ಎದುರಿಗಿದ್ದವನ ಅಂಗಿಯ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾನೆ. ಮೇಜಿನವನು ಯಾವ ಮೇಜಿಗೆ ಕೂತರೂ ಅದರ ಕಾಲನ್ನು ತನ್ನ ಕಾಲಿನಿಂದ ಒಮ್ಮೆ ತಟ್ಟಿ ನೋಡುತ್ತಾನೆ. ಭಾಷಣ ಮುಗಿದು ಜವಳಿಯವರು ಕೂರುವುದಕ್ಕೂ, ಭಾಮೈದ "ಭಾವ, ಗಟ್ಟಿ ಇದೆ ಬಿಡಿ" ಎನ್ನುತ್ತ ತಟ್ಟುವುದಕ್ಕೂ ಸರಿಹೋಯಿತು.

ಅಸ್ತರಿನ ಬಟ್ಟೆ ಯಾಕೆ ಖರ್ಚಾಗದೆ ಉಳಿದಿತ್ತು? ಜಾರುತ್ತದೆಂದು. ಮೂರು ಬೆರಳಿನ ಮಡಿಕೆ ಜಾರಿತು. ಅದನ್ನು ಕಂಡು ಎರಡು ಬೆರಳಿನದೂ ಒಂದು ಬೆರಳಿನದೂ ಜಾರಿದವು. ಮೇಜು ಸದ್ದಿಲ್ಲದೆ ತನ್ನ ನಿಜವಾದ ನಿಲುವಿಗೆ ಬಂತು. ಸೂಪಿನ ಪಾತ್ರೆ ಆ ಮೂಲೆಯ ಕಡೆಗೆ ಬಾಗಿ ನಮಸ್ಕರಿಸಿತು. ಸೂಪು ಹಾಸುಬಟ್ಟೆಯ ಮೇಲೆ ಹೊಳೆಯಾಗಿ ಹೊರಟು, ಅತ್ತಿತ್ತ ಹೋಗದಂತೆ ಮುತ್ತಾತಂದಿರ ಚೌಕಟ್ಟು ತಡೆದು, ಕೊರೆ ಬಿದ್ದ ಮೂಲೆಯನ್ನು ದಾರಿ ಕೇಳದೆ ತಲುಪಿ, ಅಷ್ಟೂ ಭಾಮೈದನ ಮಡಿಲಿಗೆ ಇಳಿಯಿತು.

ಅವನು ಏಳಹೊರಟ.

"ಏಳ್ಬೇಡ," ಎಂದರು ಜವಳಿಯವರು. ಮದುವೆಯಾದಂದಿನಿಂದ ಅವರ ದನಿ ಇಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಕೇಳಿರಲಿಲ್ಲ. "ಅಲ್ಲಾಡ್ಬೇಡ. ಪ್ಯಾಂಟಿನ ಎರಡೂ ಕಡೆ ಎತ್ತಿ ಹಿಡ್ಕೊ. ಅಮ್ಮಾ, ನೆಲ ನೋಡು."

ಭಾಮೈದ ಅಕ್ಕಿ ತುಂಬಿಕೊಂಡವನಂತೆ ಮಡಿಲು ಹಿಡಿದು ಕೂತ. ತಾಯಿ ಕನ್ನಡಕ ಹಾಕಿಕೊಂಡು ಬಗ್ಗಿದರು. ಮೇಜಿನ ಸುತ್ತ, ಕುರ್ಚಿಯ ಅಡಿ, ಎಲ್ಲ ಕಡೆ ಅಂಗೈಯಿಂದ ಸವರಿದರು. ಎಷ್ಟು ಹೊತ್ತೆಂದರೆ ಬೆಕ್ಕು ಕೂಡ ಬಂದು ಕಾಯುತ್ತ ಕೂತಿತು.

"ಒಣಗಿದೆ," ಎಂದು ತೀರ್ಪಾಯಿತು.

ಇದೆಂಥ ನ್ಯಾಯ ಎಂದಳು ಹೆಂಡತಿ. ತಮ್ಮನ ಮೈಯೆಲ್ಲ ಸೂಪಾಗಿದೆ. ಷರತ್ತು ನೆಲದ್ದು ಎಂದರು ಜವಳಿಯವರು. "ನಿನ್ನ ತಮ್ಮ ನೆಲ ಅಲ್ಲ. ಅವನ ಬಗ್ಗೆ ನಂಗೆ ಬೇರೆ ಅಭಿಪ್ರಾಯಗಳಿವೆ, ಆದ್ರೆ ನೆಲ ಅಂತೂ ಅಲ್ಲ." ಅತ್ತೆಯ ಕಡೆ ನೋಡಿದಳು. ಅತ್ತೆ ಕನ್ನಡಕ ತೆಗೆದಿದ್ದರು. ಅಂದರೆ ಕಲಾಪ ಮುಗಿದಿತ್ತು.

"ಸರಿ ರೀ, ನೀವೇ ಗೆದ್ರಿ," ಎಂದಳು ಹೆಂಡತಿ.

ಇಷ್ಟು ಸುಲಭವಾಗಿ ಬಂದ ಗೆಲುವನ್ನು ಅನುಭವಸ್ಥ ವ್ಯಾಪಾರಿ ತಿರುಗಿಸಿ ನೋಡಬೇಕಾಗಿತ್ತು. ಜವಳಿಯವರು ನೋಡಲಿಲ್ಲ. ಭಾಮೈದನಿಗೆ ಕೊಡಲು ತಮ್ಮದೊಂದು ಪೈಜಾಮ ಹುಡುಕುತ್ತ ಕಪಾಟಿನ ಮುಂದೆ ಹಾಡು ಗುನುಗಿದರು. ಇದ್ದುದರಲ್ಲಿ ಗಿಡ್ಡದ್ದನ್ನೇ ಆರಿಸಿ ಹೊರಬರುವಷ್ಟರಲ್ಲಿ ನಡುಮನೆಯಲ್ಲಿ ಮೇಜಿರಲಿಲ್ಲ.

ಅದು ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಗೆ ಒತ್ತಿಕೊಂಡು ನಿಂತಿತ್ತು. ಕೊರೆ ಬಿದ್ದ ಮೂಲೆ ಸರಿಯಾಗಿ ತೊಟ್ಟಿಯ ಮೇಲೆ. ಹೆಂಡತಿ ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಅದರ ಮೇಲೆ ಬೋರಲು ಹಾಕುತ್ತಿದ್ದಳು. ನೀರು ಇಳಿದು, ಅಂಚು ಹಿಡಿದು, ಮೂಲೆಗೆ ಬಂದು, ತೊಟ್ಟಿಗೆ ಬೀಳುತ್ತಿತ್ತು. ಅವಳ ಮುಖದಲ್ಲಿ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಜವಳಿಯವರು ಕಾಣದ ಒಂದು ಸಂತೋಷವಿತ್ತು. ಟವೆಲು ಸುತ್ತಿಕೊಂಡ ಭಾಮೈದ ಟೇಪು ಹಿಡಿದು ಕಾಲುಗಳನ್ನು ಅಳೆಯುತ್ತಿದ್ದ.

"ಅಕ್ಕ, ಎಂಥ ತಲೆ ನಿಂದು," ಎನ್ನುತ್ತಿದ್ದ ಅವನು.

ವ್ಯಾಪಾರ ಆಗಲೇ ಕುದುರಿಬಿಟ್ಟಿತ್ತು. ಇಂಥ ಇಳಿಜಾರು ಮೇಜು ಭಾಮೈದನ ಮಳಿಗೆಗೆ ಆರು ಬೇಕು. ಹಿತ್ತಿಲ ಕಟ್ಟಿಗೆಯಿಂದ ಭಾವ ಮಾಡಿಕೊಡಬೇಕು. ಬದಲಿಗೆ ಅವನು ನಡುಮನೆಗೆ ಒಂದು ಊಟದ ಮೇಜು ಕಳಿಸುತ್ತಾನೆ. ರಟ್ಟಿನದೇ. ಆರಕ್ಕೆ ಒಂದು. ಜವಳಿಯವರ ಕೈಯಿಂದ ಪೈಜಾಮ ಜಾರಿತು. ಚೌಕಾಸಿ ಮಾಡಿದೆಯಾ ಎಂದು ಕೇಳಿದರು, ಕ್ಷೀಣ ಸ್ವರದಲ್ಲಿ.

"ತಮ್ಮನ ಹತ್ರ ಎಂಥ ಚೌಕಾಸಿ?" ಎಂದಳು ಹೆಂಡತಿ, ಇನ್ನೊಂದು ಪಾತ್ರೆ ಬೋರಲು ಹಾಕುತ್ತ.

ಮರುದಿನವೇ ಮರದ ಫೋಟೋ ಬಂದು ನಡುಮನೆಯಲ್ಲಿ ಆಸೀನವಾಯಿತು. ಆದರೆ ಜವಳಿಯವರು ಮಣಿಯುವ ಆಸಾಮಿಯಲ್ಲ. ಐದು ಮೇಜುಗಳನ್ನು ಕೈ ರೂಢಿಯಂತೆ ಮಾಡಿದರು. ಮೂರು ಬೆರಳು ಕೊಸರು ತಾನಾಗಿಯೇ ಬಂತು. ಆರನೆಯದನ್ನು ಮಾತ್ರ ಗುಟ್ಟಾಗಿ, ಹಟದಿಂದ, ಹೊಸ ರೀತಿಯಲ್ಲಿ ಮಾಡಿದರು. ನಾಲ್ಕು ಕಾಲನ್ನೂ ನಾಲ್ಕು ಸಲ ಹಿತ್ತಾಳೆ ಕೋಲಿನಲ್ಲೇ ಅಳೆದರು. ಗರಗಸ ಇಡುವಾಗ ಮುಂದಕ್ಕೆ ಸರಿಯುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ತಾತ, ಅಪ್ಪ ಇಬ್ಬರ ಕ್ಷಮೆ ಕೇಳಿದರು. ಕಿತ್ತಳೆ ಇಟ್ಟರು. ಹಣ್ಣು ಕದಲಲಿಲ್ಲ. ಆ ಮೇಜನ್ನು ನಡುಮನೆಯಲ್ಲಿಟ್ಟು ಮರದ ಫೋಟೋವನ್ನು ಮೆರವಣಿಗೆಯಲ್ಲಿ ವಾಪಸ್ ಕಳಿಸುವ ಯೋಜನೆ ಸಿದ್ಧವಾಯಿತು. ಆದರೆ ಅವರು ಅಂಗಡಿಯಲ್ಲಿದ್ದಾಗ ಮಳಿಗೆಯ ಗಾಡಿ ಬಂದು, ಹೆಂಡತಿ ತೋರಿಸಿದ ಆರೂ ಮೇಜನ್ನು ಹೇರಿಕೊಂಡು ಹೋಯಿತು.

ಎರಡು ದಿನದ ಮೇಲೆ ಆರನೆಯದು ಒಂದೇ ತಿರುಗಿ ಬಂತು. ಮೇಲೆ ಸೀಮೆಸುಣ್ಣದಲ್ಲಿ 'ಹಾಳು' ಎಂದು ಬರೆದಿತ್ತು. ಕಾಲಿಗೆ ಕಟ್ಟಿದ ಚೀಟಿಯಲ್ಲಿ ಭಾಮೈದನ ಅಕ್ಷರ: "ಭಾವ, ಇದೊಂದು ಸೊಟ್ಟ ಬಂದಿಲ್ಲ. ಗಿರಾಕಿ ವಾಪಸ್ ಕೊಟ್ಟರು. ಸರಿಮಾಡಿ ಕಳಿಸಿ."

ನಡುಮನೆಯಲ್ಲಿ ಜಾಗವಿಲ್ಲವೆಂದು ಹೆಂಡತಿ ಅದನ್ನು ಹಿತ್ತಿಲಲ್ಲೇ ಇಳಿಸಿಸಿ, ಗರಗಸ ತಂದು ಕೈಗೆ ಕೊಟ್ಟಳು. ಒಂದು ಕಾಲಿಗೆ ಮೂರು ಬೆರಳು, ಪಕ್ಕದವೆರಡಕ್ಕೆ ಎರಡು, ಒಂದು ಕೊಯ್ದರಾಯಿತು ಎಂದಳು. ಜವಳಿಯವರು ಗರಗಸವನ್ನು ಗೋಡೆಗೆ ತೂಗುಹಾಕಿದರು. ತಮ್ಮ ಜೀವಮಾನದ ಏಕೈಕ ನೆಟ್ಟನೆಯ ಮೇಜಿಗೆ ಹಲ್ಲು ಹಾಕುವ ಗರಗಸ ಇನ್ನೂ ಹುಟ್ಟಿಲ್ಲ ಎಂದರು. ಇದರ ಮೇಲೆ ಬೇರೆ ಯಾರೂ ಉಣ್ಣದಿದ್ದರೆ ನಾನು ಉಣ್ಣುತ್ತೇನೆ, ಈ ಹಿತ್ತಿಲಲ್ಲೇ ಉಣ್ಣುತ್ತೇನೆ, ಕೊನೆಯವರೆಗೂ ಉಣ್ಣುತ್ತೇನೆ ಎಂದು ಘೋಷಿಸಿದರು.

ಮಾತು ತಪ್ಪಲಿಲ್ಲ. ಅಂದಿನಿಂದ ಅವರ ಊಟ ಹಿತ್ತಿಲಲ್ಲಿ, ಅರ್ಧ ಬೆಂಚಿನ ಮೇಲೆ ಕೂತು, ಏಕಾಂಗಿಯಾಗಿ, ಒಂದು ಹನಿ ಚೆಲ್ಲದೆ. ನೋಡುವವರು ಮಾತ್ರ ಯಾರೂ ಇರಲಿಲ್ಲ. ಮೂರನೆಯ ದಿನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ತಲೆ ಹಾಕಿದಳು.

"ರೀ, ಹೇಗೂ ಹಿತ್ತಿಲ ನಲ್ಲಿ ನಿಮ್ಮ ಪಕ್ಕದಲ್ಲೇ ಇದೆ. ತಟ್ಟೆ ತೊಳೆದೇ ಒಳಗೆ ತನ್ನಿ."

ತೊಳೆದರು. ಮರುದಿನ ಅವರ ತಟ್ಟೆಯ ಜೊತೆ ತಾಯಿಯ ತಟ್ಟೆಯೂ ಕಿಟಕಿಯಿಂದ ಬಂತು. ಅದರ ಮರುದಿನ ಹೆಂಡತಿಯದು. ವಾರ ತುಂಬುವಷ್ಟರಲ್ಲಿ ಬಾಣಲೆಯೂ ಬಂತು. ಈಗ ಜವಳಿಯವರು ದಿನವೂ ಊಟವಾದ ಮೇಲೆ ಮನೆಯ ಅಷ್ಟೂ ಪಾತ್ರೆ ತೊಳೆದು, ಎದೆಗವಚಿ ಅಡುಗೆಮನೆಗೆ ತಂದು, ಬಾಗಿಲಾಗಿದ್ದ ಆ ಮೊದಲ ಮೇಜಿನ ಮೇಲೆ ಸಾಲಾಗಿ ಬೋರಲು ಹಾಕುತ್ತಾರೆ. ಆಮೇಲೆ ಕೈ ಒರೆಸಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಬಗ್ಗಿ ಅಂಗೈಯಿಂದ ಸುತ್ತಲೂ ಸವರಿ ನೋಡುತ್ತಾರೆ. ಇವತ್ತಿನವರೆಗೆ ನೆಲಕ್ಕೆ ಒಂದು ಹನಿ ಬಿದ್ದಿಲ್ಲ.